ಕೈ ಎತ್ತಿದರೆ ನಿಲ್ಲಿಸುತ್ತೇನೆ

1954 ಮಾರ್ಚ್ 2, ಮಂಗಳವಾರ. ಶಿರಾ.

ಬೆಳಿಗ್ಗೆಯಿಂದ ಏಳು ಹಲ್ಲು. ಎಂಟನೆಯದು ಗೌಡಗೆರೆಯ ಸಣ್ಣರಂಗಯ್ಯನದು. ಅದೊಂದಕ್ಕೇ ಅರ್ಧ ದಿನ ಹೋಯಿತು. ಆಳು ಬಾಗಿಲು ತುಂಬ ಇದ್ದಾನೆ. ಕಡಲೆಕಾಯಿ ಮೂಟೆ ಎತ್ತಿ ಒಬ್ಬನೇ ಗಾಡಿಗೆ ಹಾಕುವವನು. ಇಕ್ಕಳ ಕಂಡದ್ದೇ ತಡ, ಮುಖ ಬಿಳಿಚಿಕೊಂಡಿತು.

"ಸ್ವಾಮೀ, ಮೊದ್ಲು ನಮ್ಮ ಹೆಂಡ್ರುದು ಒಂದು ಕಿತ್ಬುಡಿ. ನಾನು ನೋಡ್ಕಂಡು ಆಮೇಲೆ ಕೂತ್ಕಂತೀನಿ."

"ಅವಳಿಗೂ ಹಲ್ಲುನೋವೇನಯ್ಯ?"

"ಇಲ್ಲ. ಅವ್ಳಿಗೆ ಧೈರ್ಯ ಜಾಸ್ತಿ."

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ನೋಡಪ್ಪ, ನಿನ್ನ ಬಲಗೈ ನಿನ್ನದೇ. ಅದನ್ನು ಎತ್ತಿದರೆ ನಿಲ್ಲಿಸುತ್ತೇನೆ. ಇಕ್ಕಳ ಹಲ್ಲು ಹಿಡಿದಿದ್ದರೂ ಸರಿ, ಬಿಟ್ಟುಬಿಡುತ್ತೇನೆ. ನಂಬಲಿಲ್ಲ. ಮೊದಲಿಗೆ ಯಾರೂ ನಂಬುವುದಿಲ್ಲ. ಹನ್ನೊಂದು ಸಲ ಎತ್ತಿದ. ಹನ್ನೊಂದು ಸಲ ನಿಲ್ಲಿಸಿದೆ. ಹನ್ನೆರಡನೆಯ ಸಲ ಕೈ ತೊಡೆಯ ಮೇಲೇ ಉಳಿಯಿತು, ಹಲ್ಲು ಬಂತು. "ಇಷ್ಟೇನಾ" ಎಂದ ಆಸಾಮಿ.

ಹೋಗುವಾಗ ಹೊಸ್ತಿಲಲ್ಲಿ ನಿಂತು, "ಊರಲ್ಲಿ ಹೇಳ್ತೀನಿ ಸ್ವಾಮಿ, ವೃಷಭೇಂದ್ರಪ್ಪ ಡಾಕ್ಟ್ರು ಕೈ ಎತ್ತಿದ್ರೆ ನಿಲ್ಸೇ ನಿಲ್ಸ್ತಾರೆ ಅಂತ" ಎಂದ.

ಒಬ್ಬಳು ಕೈ ಎತ್ತಿದಾಗ ನಿಲ್ಲಿಸಿರಲಿಲ್ಲ. ನಾಡಿದ್ದು ಗುರುವಾರ, ಪಾವಗಡ.

1954 ಮಾರ್ಚ್ 4, ಗುರುವಾರ. ಪಾವಗಡ.

ಮನೆಯಿರುವ ಮಧುಗಿರಿಯಿಂದ ಬೆಳಿಗ್ಗೆ ಆರು ಗಂಟೆಯ ಬಸ್ಸು. ಮಂಗಳವಾರ ಶಿರಾ, ಬುಧವಾರ ಕೊರಟಗೆರೆ, ಗುರುವಾರ ಇಲ್ಲಿ. ಪೆಟ್ಟಿಗೆ, ಮಡಿಸುವ ಕುರ್ಚಿ, ಡ್ರಿಲ್ಲಿನ ಕಬ್ಬಿಣದ ಕಾಲು — ಎಲ್ಲ ಬಸ್ಸಿನ ಮೇಲೆ. ಡ್ರಿಲ್ಲಿನ ತಲೆ ಮಾತ್ರ ನನ್ನ ತೊಡೆಯ ಮೇಲೆ. ಕಂಡಕ್ಟರನ್ನು ನಂಬುವುದಿಲ್ಲ.

ಬಾಷಾ ಸಾಬರು ಶಿರಾದವರು. ಇಲ್ಲಿ ಟೈಲರ್ ಅಂಗಡಿ ಇಟ್ಟು ಹತ್ತು ವರ್ಷ. ಗುರುವಾರ ಅಂಗಡಿಯ ಮುಂಭಾಗ ನನಗೆ ಬಿಟ್ಟುಕೊಡುತ್ತಾರೆ. ಒಳಗೆ ಅವರ ಮಿಷನ್ನು, ಹೊರಗೆ ನನ್ನದು; ಎರಡನ್ನೂ ಕಾಲಲ್ಲೇ ತುಳಿಯುವುದು. "ನಿಮ್ದು ಸದ್ದು ಕೇಳಿ ನನ್ನ ಗಿರಾಕಿ ಓಡ್ತಾರೆ ಡಾಕ್ಟರ್ ಸಾಬ್" ಎಂದು ಪ್ರತಿ ವಾರ ಹೇಳುತ್ತಾರೆ, ಪ್ರತಿ ವಾರ ಚಹಾ ತರಿಸುತ್ತಾರೆ.

ಇವತ್ತು ಚಿಕ್ಕಹನುಮಕ್ಕ ಎಂಬ ಹೆಂಗಸು. "ಮೇಲ್ಗಡೆ ಹಲ್ಲು ಕಿತ್ರೆ ಕಣ್ಣು ಹೋಯ್ತದಂತಲ್ಲ. ಬೇಡ ಸ್ವಾಮಿ, ವದ್ದು, ವದ್ದು." ತೆಲುಗು ಕನ್ನಡ ಎರಡರಲ್ಲೂ ಬೇಡವೆಂದಳು. ಈ ಸೀಮೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಹಾಗೆ ನಂಬುತ್ತಾರೆ. ಮೊದಮೊದಲು ರೇಗುತ್ತಿದ್ದೆ. ಈಗ ವಾದವಿಲ್ಲ. ಸಾಬರ ಹತ್ತಿರ ಸೂಜಿ ದಾರ ಇಸಿದುಕೊಂಡು ಅವಳ ಕೈಗೆ ಕೊಟ್ಟೆ — ಪೋಣಿಸಮ್ಮ. ಪೋಣಿಸಿದಳು. ಹಲ್ಲು ಕಿತ್ತು, ಹತ್ತಿ ಇಟ್ಟು, ಮತ್ತೆ ಕೊಟ್ಟೆ — ಈಗ ಪೋಣಿಸು. ಪೋಣಿಸಿದಳು. ಹತ್ತಿ ಕಚ್ಚಿಕೊಂಡೇ ನಕ್ಕಳು. ಸೂಜಿ ತನಗೇ ಇರಲಿ ಎಂದು ಸೆರಗಿಗೆ ಚುಚ್ಚಿಕೊಂಡು ಹೋದಳು. ಸಾಬರು ಗೊಣಗಿದರು.

ಅಂಗಡಿಯಿಂದ ಎರಡು ಬೀದಿ ಆಚೆ ನನ್ನ ಹೆಂಡತಿ ಇದ್ದಾಳೆ. ಸರೋಜ. ತೌರಿಗೆ ಬಂದು ಮೂರು ವರ್ಷ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಹಿಳಾ ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳಂತೆ. ಗುಂಡಿ, ದಾರ ಕೊಳ್ಳಲು ಇದೇ ಅಂಗಡಿಗೆ ಬರುತ್ತಾಳೆ. ಬುಧವಾರ ಬರುತ್ತಾಳೆ, ಶುಕ್ರವಾರ ಬರುತ್ತಾಳೆ. ಗುರುವಾರ ಒಂದು ಸಲವೂ ಬಂದಿಲ್ಲ.

ಸಾಬರ ಹೆಂಡತಿ ಖಾಜಾಬಿಯ ಕೈಲಿ ಅವಳಿಗೊಂದು ಡಬ್ಬಿ ಕಳಿಸಿದೆ. ಒಳಗೆ ಎರಡು ಕಟ್ಟುಹಲ್ಲು ಕೂರಿಸಿದ ಪ್ಲೇಟು. ಬೆಂಗಳೂರಿನಿಂದ ತರಿಸಿದ ಒಳ್ಳೆಯ ಹಲ್ಲು, ಬೆಳ್ಳಗೆ ಮಲ್ಲಿಗೆ ಮೊಗ್ಗಿನ ಹಾಗಿದೆ. ಚೀಟಿ ಬರೆಯಲು ಕೂತು ಮೂರು ಕಾಗದ ಹರಿದೆ. ಕೊನೆಗೆ ಚೀಟಿ ಇಲ್ಲದೆಯೇ ಕಳಿಸಿದೆ.

1954 ಮಾರ್ಚ್ 11, ಗುರುವಾರ. ಪಾವಗಡ.

ಡಬ್ಬಿ ವಾಪಸು ಬಂತು. ಖಾಜಾಬಿ ತಂದು ಕುರ್ಚಿಯ ಮೇಲಿಟ್ಟರು.

"ಏನಾದ್ರೂ ಹೇಳಿದ್ರಾ?"

"ಕನ್ನಡಿ ಮುಂದೆ ಹಾಕ್ಕೊಂಡು ನೋಡಿದ್ರು. ತೆಗೆದ್ಬುಟ್ರು. 'ನನ್ನ ಬಾಯಲ್ಲಿ ಇವು ಯಾರವು' ಅಂದ್ರು. ಅಷ್ಟೇ ಡಾಕ್ಟ್ರೇ."

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಪಾವಗಡದ ಹಲ್ಲು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ, ಕಂದು ಮಚ್ಚೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸರೋಜಳಿಗೂ ಇತ್ತು. ನಗು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮದುವೆಯಾಗಿ ಎರಡು ತಿಂಗಳಿಗೆ ನನ್ನೆದುರು ಹಿಡಿಯುವುದನ್ನು ಬಿಟ್ಟಳು. ಅದು ಎಷ್ಟು ದೊಡ್ಡದು ಎಂದು ನನಗೆ ತಿಳಿಯಲಿಲ್ಲ. ಕೊರಟಗೆರೆಯ ಒಂದು ಮದುವೆ ಮನೆಯಲ್ಲಿ ಯಾರೋ ಅಂದರು: "ಹಲ್ಲು ಡಾಕ್ಟ್ರ ಹೆಂಡ್ತಿ ಹಲ್ಲೇ ಹಿಂಗೈತಲ್ಲ." ಅದು ನಾಟಿತು. ಹೊಸ ಬೋರ್ಡು, ಹೊಸ ಕುರ್ಚಿ, ಇಪ್ಪತ್ತೆಂಟರ ಕೊಬ್ಬು. ಮೇಲಿನ ನಾಲ್ಕು ಕಿತ್ತು ಬಿಳಿಯದು ಕೂರಿಸುತ್ತೇನೆ ಎಂದೆ. ಬೇಡ ಎಂದಳು. ನಾಲ್ಕು ದಿನ ಹೇಳಿ ಹೇಳಿ ಒಪ್ಪಿಸಿದೆ.

ಮೊದಲನೆಯದು ಬಂತು. ಎರಡನೆಯದಕ್ಕೆ ಇಕ್ಕಳ ಹಾಕಿದಾಗ ಬಲಗೈ ಎತ್ತಿದಳು. "ಒಂದೇ ನಿಮಿಷ" ಎಂದೆ. ನನ್ನ ಎಡಗೈಯಿಂದ ಆ ಕೈ ಹಿಡಿದು ಕೆಳಕ್ಕೆ ಒತ್ತಿದೆ. ಕಿತ್ತೆ.

ಅಳಲಿಲ್ಲ. ಬಾಯಿ ಮುಕ್ಕಳಿಸಿದಳು. "ನನ್ನ ಹಲ್ಲು ಕೊಡಿ" ಎಂದಳು. ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಾಯಂಕಾಲದ ಬಸ್ಸಿಗೆ ಹೊರಟುಹೋದಳು. ಕರೆಯಲು ಹೋದಾಗ ಜಗಲಿಯ ಮೇಲೆ ನಿಂತು ಹೇಳಿದ್ದು ಒಂದೇ ಮಾತು: "ನೋವಿಗಲ್ಲ. ನಾನು ಕೈ ಎತ್ತಿದ್ದು ನಿಮಗೆ ಕಾಣ್ತಿತ್ತು."

ಕಾಣುತ್ತಿತ್ತು. ಆಮೇಲಿಂದ ಯಾರು ಕೈ ಎತ್ತಿದರೂ ನಿಲ್ಲಿಸುತ್ತೇನೆ. ಅವಳು ಇನ್ನೊಮ್ಮೆ ಬಂದು ಈ ಕುರ್ಚಿಯಲ್ಲಿ ಕೂತು ಕೈ ಎತ್ತಬೇಕು. ನಾನು ನಿಲ್ಲಿಸಬೇಕು. ಬೇರೆ ಏನೂ ಕೇಳುವುದಿಲ್ಲ... ಸುಳ್ಳು. ಎಲ್ಲ ಬೇಕು.

1955 ನವೆಂಬರ್ 16, ಬುಧವಾರ. ಕೊರಟಗೆರೆ.

ಬಸವಲಿಂಗಯ್ಯ ಎಂಬ ಮೇಷ್ಟರು ಬಂದರು. ದವಡೆ ನೋವಂತೆ. ಕುರ್ಚಿಯಲ್ಲಿ ಕೂತ ಕೂಡಲೇ ಕೈ ಎತ್ತಿದರು. ಇನ್ನೂ ಬಾಯಿಯೇ ತೆರೆದಿರಲಿಲ್ಲ. ಕನ್ನಡಿ ಹಾಕಿ ಪೂರ್ತಿ ನೋಡಿದೆ. ಒಂದು ಹಲ್ಲೂ ಕೆಟ್ಟಿಲ್ಲ.

"ಸ್ವಾಮಿ, ನಿಮಗೆ ನೋವು ಎಲ್ಲಿದೆ?"

ಬೆವರು ಒರೆಸಿಕೊಂಡರು. "ನೋವಿಲ್ಲ. ನಿಮ್ಮ ತಾಯಿಯವರು ಹಿಂಗೆ ಬಂದು ಮಾತಾಡಿಸಿ ಅಂದ್ರು. ನಮ್ಮ ಎರಡನೇ ಮಗಳು..."

ಅಮ್ಮನ ಕೆಲಸ. ಪಾಪ, ಮಗಳಿಗೋಸ್ಕರ ಮನುಷ್ಯ ಈ ಕುರ್ಚಿ ಹತ್ತಿದ್ದಾರೆ. ನೋವಿಲ್ಲದೆ ಇಲ್ಲಿಗೆ ಬರುವವರು ಬೇರೆ ಏನೋ ಹೇಳಲು ಬಂದಿರುತ್ತಾರೆ, ಇವತ್ತು ಕಲಿತೆ. ನನಗೆ ಹೆಂಡತಿ ಇದ್ದಾಳೆ ಎಂದೆ. ಎಲ್ಲಿ ಎಂದರು. ಪಾವಗಡದಲ್ಲಿ ಎಂದೆ. ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡರು.

ರಾತ್ರಿ ಮನೆಯಲ್ಲಿ ಅಮ್ಮ ತಟ್ಟೆ ಕುಕ್ಕಿ ಒಳಗೆ ಹೋದಳು.

1958 ಜುಲೈ 9, ಬುಧವಾರ. ಪಾವಗಡ.

ಕೊರಟಗೆರೆಗೆ ಹೋಗಬೇಕಾದ ದಿನ. ಪಾವಗಡದ ಬಸ್ಸು ಹತ್ತಿದೆ. ಏಕೆಂದು ನನಗೆ ನಾನೇ ಹೇಳಿಕೊಳ್ಳಬೇಕಾಗಿಲ್ಲ.

ಸಾಬರ ಅಂಗಡಿಯೊಳಗೆ, ತೂಗುಹಾಕಿದ ರವಿಕೆಗಳ ಹಿಂದೆ ಕೂತೆ. ಮೂವತ್ತೈದು ವರ್ಷದ ಮನುಷ್ಯ. ಹನ್ನೊಂದು ಗಂಟೆಗೆ ಬೀದಿ ತಿರುವಿನಲ್ಲಿ ಕಪ್ಪು ಕೊಡೆ. ಸರೋಜ. ಏಳು ವರ್ಷದ ಮೇಲೆ ನೋಡುತ್ತಿದ್ದೇನೆ. ಸಣ್ಣಗಾಗಿದ್ದಾಳೆ. ಕೈಚೀಲ ಅದೇ, ನಾನು ತಂದುಕೊಟ್ಟದ್ದು. ಕೂತಲ್ಲೇ ಇದ್ದಿದ್ದರೆ ಒಳಗೆ ಬರುತ್ತಿದ್ದಳು. ಎದ್ದು ನಿಂತುಬಿಟ್ಟೆ. ನೋಡಿದಳು. ನಿಂತಳು. ಹಿಂದಿರುಗಿದಳು. ಓಡಲಿಲ್ಲ, ಬಂದ ಹಾಗೇ ನಡೆದುಹೋದಳು.

"ಬುಧವಾರ ಅವ್ರದು ಡಾಕ್ಟರ್ ಸಾಬ್" ಎಂದರು ಸಾಬರು. ಕತ್ತರಿಯಿಂದ ಕಣ್ಣು ಎತ್ತಲಿಲ್ಲ. "ನಿಮ್ಗೆ ಗುರುವಾರ ಕೊಟ್ಟಿದೀನಲ್ಲ."

ಅವಳು ಹಿಂದಿರುಗಿದ್ದೂ ಕೈ ಎತ್ತಿದ ಹಾಗೆಯೇ. ಇನ್ನು ನಾನು ಬುಧವಾರ ಇಲ್ಲಿಗೆ ಬರುವುದಿಲ್ಲ.

1958 ಜುಲೈ 31, ಗುರುವಾರ. ಪಾವಗಡ.

ಸರೋಜ ಮೂರು ವಾರದಿಂದ ಗುಂಡಿಗೂ ದಾರಕ್ಕೂ ಹಿಂದೂಪುರಕ್ಕೆ ಹೋಗುತ್ತಿದ್ದಾಳಂತೆ. ನನ್ನಿಂದ. ಆ ಬಸ್ಸು, ಆ ಧೂಳು ಅವಳಿಗೆ.

1961 ಫೆಬ್ರವರಿ 23, ಗುರುವಾರ. ಪಾವಗಡ.

ಸರ್ಕಾರದ ಜೀಪು ಬಂದಿದೆ. ಒಬ್ಬ ಡಾಕ್ಟರು ಬಾವಿ ಬಾವಿಯ ನೀರನ್ನು ಬಾಟಲಿಗೆ ತುಂಬಿಸುತ್ತಿದ್ದಾರೆ. ಅವರದೇ ದವಡೆಯ ಹಲ್ಲಿನ ಸಿಮೆಂಟು ಬಿದ್ದುಹೋಗಿ ನನ್ನ ಹತ್ತಿರ ಬಂದರು. ದೊಡ್ಡ ಓದು ಓದಿದವರು, ಕೈ ಮಾತ್ರ ಸಣ್ಣರಂಗಯ್ಯನಿಗಿಂತ ಬೇಗ ಎತ್ತಿದರು. ನಿಲ್ಲಿಸಿದೆ. ನಿಲ್ಲಿಸಿದಾಗೆಲ್ಲ ಮಾತಾಡಿದರು.

"ಈ ಕಡೆಯವರ ಹಲ್ಲಿನ ಬಣ್ಣ ಕೊಳೆಯಲ್ಲ ರೀ. ನೀರು. ನೆಲದೊಳಗಿನ ಫ್ಲೋರೈಡು. ಮಕ್ಕಳಾಗಿದ್ದಾಗ ಕುಡಿದದ್ದು ಹಲ್ಲಿಗೇ ಸೇರಿಬಿಡುತ್ತೆ. ನೀವೇ ನೋಡಿರಬೇಕಲ್ಲ, ಬಣ್ಣ ಕೆಟ್ಟಿರುತ್ತೆ, ಆದರೆ ಹುಳುಕು ಕಡಿಮೆ."

ನೋಡಿದ್ದೇನೆ. ಶಿರಾದಲ್ಲಿ ದಿನಕ್ಕೆ ಎಂಟು ಕೀಳುವವನು ಇಲ್ಲಿ ಮೂರು ಕೀಳುತ್ತೇನೆ. ಹತ್ತು ವರ್ಷದಿಂದ ನೋಡಿದ್ದೇನೆ, ಯೋಚಿಸಲಿಲ್ಲ. ಸರೋಜಳ ಆ ಎರಡು ಎಷ್ಟು ಗಟ್ಟಿಯಾಗಿದ್ದವು ಎಂಬುದು ನನ್ನ ಮಣಿಕಟ್ಟಿಗೆ ಇನ್ನೂ ನೆನಪಿದೆ. ಅವಳು ಹುಟ್ಟಿದೂರಿನ ನೀರಿನ ಗುರುತು. ನಾನು ಅದನ್ನು ಕೊಳೆ ಎಂದುಕೊಂಡೆ. ಯಾರೋ ಮದುವೆ ಮನೆಯಲ್ಲಿ ಅಂದ ಮಾತಿಗೆ ನೆಟ್ಟಗಿದ್ದ ಹಲ್ಲು ಕಿತ್ತೆ.

ಅವಳಿಗೆ ಬಿಳಿ ಹಲ್ಲು ಕಳಿಸಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

1961 ಜುಲೈ 30, ಭಾನುವಾರ. ಮಧುಗಿರಿ.

ಬಿಳಿ ಹಲ್ಲಿಗೆ ಕಂದು ಗೆರೆ ಹಾಕುವುದು ಹೇಗೆ? ಕಾಫಿ ಡಿಕಾಕ್ಷನ್ನಿನಲ್ಲಿ ವಾರ ನೆನೆಸಿದೆ. ತೊಳೆದರೆ ಹೋಯಿತು. ಕಾಚು ಹಚ್ಚಿದೆ, ಎಲೆಅಡಿಕೆ ಜಗಿದವರ ಹಲ್ಲಿನಂತಾಯಿತು. ಇವತ್ತು ಸಣ್ಣ ಡ್ರಿಲ್ಲಿನಿಂದ ಕೂದಲಷ್ಟು ಗೀರು ಮಾಡಿ, ಪ್ಲೇಟು ಮಾಡುವ ಪುಡಿಗೆ ಚಿಟಿಕೆ ಕಾವಿ ಬೆರೆಸಿ ತುಂಬಿ, ಉಜ್ಜಿ ನಯ ಮಾಡಿದೆ. ನಿಂತಿತು.

ಅಮ್ಮ ನೋಡಿ, "ಲೋಕದಲ್ಲಿ ಇರೋರೆಲ್ಲ ಬೆಳ್ಳಗೆ ಮಾಡಿಸ್ತಾರೆ. ನೀನು ಕಟ್ಟಿಸಿದ ಹಲ್ಲಿಗೆ ಕೊಳೆ ಬಳೀತೀಯಲ್ಲೋ" ಎಂದಳು. ಸ್ವಲ್ಪ ಹೊತ್ತಿಗೆ ಹತ್ತಿರ ಬಂದು, "ಸರೋಜಂಗಾ?" ಎಂದಳು. ಹೌದೆಂದೆ. ಕಾವಿಯ ಬಟ್ಟಲು ಬಿಸಿಲಿಗೆ ಸರಿಸಿಟ್ಟು ಹೋದಳು.

ಗೆರೆ ಎಲ್ಲಿತ್ತು? ಅಡ್ಡವೋ, ಓರೆಯೋ? ಇಡೀ ದಿನ ಕಂಡವರ ಬಾಯಿ ನೋಡುವವನು ನಾನು. ಹೆಂಡತಿಯ ಹಲ್ಲಿನ ಗೆರೆ ಎಲ್ಲಿತ್ತೆಂದು ಗೊತ್ತಿಲ್ಲ. ಸರಿಯಾಗಿ ನೋಡಿದ್ದರೆ ಕೀಳುತ್ತಿರಲಿಲ್ಲ.

1964 ಸೆಪ್ಟೆಂಬರ್ 3, ಗುರುವಾರ. ಪಾವಗಡ.

ಅಮ್ಮ ಹೋಗಿ ವರ್ಷವಾಯಿತು. ಸರೋಜಳ ತಾಯಿಯೂ ಹೋದ ಯುಗಾದಿಗೆ ತೀರಿಕೊಂಡರು. ಎರಡೂ ಊರಲ್ಲಿ ಎರಡು ಮನೆ, ಒಂದೊಂದರಲ್ಲಿ ಒಬ್ಬೊಬ್ಬರು.

ಮೂರು ವರ್ಷದಲ್ಲಿ ಹದಿನಾಲ್ಕು ಪ್ಲೇಟು ಮಾಡಿ ಬಿಸಾಡಿದ್ದೇನೆ. ಹದಿನೈದನೆಯದನ್ನು ಇವತ್ತು ಕಳಿಸಿದೆ. ಖಾಜಾಬಿ ಡಬ್ಬಿ ತೆರೆದು ನೋಡಿ ಹುಬ್ಬು ಏರಿಸಿದರು. "ನಮ್ಮೂರ ಹಲ್ಲು ಮಾಡಿದೀರಲ್ಲ ಡಾಕ್ಟ್ರೇ."

1964 ಸೆಪ್ಟೆಂಬರ್ 10, ಗುರುವಾರ. ಪಾವಗಡ.

ವಾಪಸು ಬಂತು. ಡಬ್ಬಿಯ ಜೊತೆ ಒಂದು ಸಣ್ಣ ಕಾಗದದ ಪೊಟ್ಟಣ.

"ನಕ್ಕರು" ಎಂದರು ಖಾಜಾಬಿ. "ಸೆರಗು ಅಡ್ಡ ಹಿಡ್ಕೊಂಡು ನಕ್ಕರು. 'ಗೆರೆ ತಪ್ಪಾಗೈತೆ. ಇದನ್ನ ನೋಡ್ಕಂಡು ಮಾಡಕ್ಕೆ ಹೇಳು' ಅಂದ್ರು."

ಪೊಟ್ಟಣದಲ್ಲಿ ಅವಳ ಹಲ್ಲು. ನಾನು ಕಿತ್ತದ್ದು. ಹದಿಮೂರು ವರ್ಷ ಇಟ್ಟುಕೊಂಡಿದ್ದಾಳೆ. ಅಂಗೈಯಲ್ಲಿ ಹಿಡಿದು ಬೀದಿಗೆ ಬೆನ್ನು ಹಾಕಿ ನಿಂತೆ. ಗೆರೆ ಅಡ್ಡಕ್ಕಿದೆ. ಅಂಚಿನಿಂದ ಸ್ವಲ್ಪ ಮೇಲೆ, ಎಡಕ್ಕೆ ಬರುತ್ತಾ ಸಣ್ಣಗಾಗುತ್ತದೆ. ಚೆನ್ನಾಗಿದೆ. ನಿಜವಾಗಿ ಚೆನ್ನಾಗಿದೆ.

"ಇನ್ನೊಂದು?" ಎಂದು ಕೇಳಿದೆ.

ಖಾಜಾಬಿ ನೆಲ ನೋಡಿದರು. "ಅದನ್ನ ಕೊಡಕ್ಕೆ ಇನ್ನೂ ಮನಸ್ಸಿಲ್ಲಂತೆ. ಅದು... ನೀವು ಕೈ ಒತ್ತಿ ಹಿಡ್ಕೊಂಡು ಕಿತ್ತಿದ್ದಂತೆ."

1966 ನವೆಂಬರ್ 17, ಗುರುವಾರ. ಪಾವಗಡ.

ಒಂದು ಹಲ್ಲು ಅವಳದರಂತೆಯೇ ಆಗಿದೆ. ಪಕ್ಕಪಕ್ಕ ಇಟ್ಟರೆ ನನಗೇ ಗುರುತು ಹತ್ತುವುದಿಲ್ಲ. ಇನ್ನೊಂದರ ಜಾಗ ಖಾಲಿ. ಪ್ಲೇಟನ್ನು ಆಗ ಕೀಳುವ ಮೊದಲು ತೆಗೆದಿದ್ದ ಹಳೆಯ ಅಚ್ಚಿನ ಮೇಲೆ ಮಾಡುವಂತೆಯೂ ಇಲ್ಲ. ಹದಿನೈದು ವರ್ಷದಲ್ಲಿ ವಸಡು ಇಳಿದಿರುತ್ತದೆ. ಹೊಸ ಅಚ್ಚು ಬೇಕು. ಅದಕ್ಕೆ ಅವಳೇ ಬಂದು ಕೂರಬೇಕು. ಹೇಳಿ ಕಳಿಸಿ ಹತ್ತು ತಿಂಗಳಾಯಿತು, ಉತ್ತರವಿಲ್ಲ. ಆದರೂ ಪ್ರತಿ ಗುರುವಾರ ನಾಲ್ಕು ಗಂಟೆಯವರೆಗೆ ಅಚ್ಚಿನ ಮೇಣಕ್ಕೆ ಬಿಸಿನೀರು ಇಟ್ಟುಕೊಂಡಿರುತ್ತೇನೆ.

ಸಾಬರಿಗೆ ಕನ್ನಡಕ ಬಂದಿದೆ. ಸೂಜಿ ಪೋಣಿಸಲು ನನಗೇ ಕೊಡುತ್ತಾರೆ. ಇವತ್ತು ಪೋಣಿಸುತ್ತಿದ್ದಾಗ ಅಂದರು:

"ಅವ್ರು ಈಗ ಮತ್ತೆ ದಾರಕ್ಕೆ ನನ್ನ ಹತ್ರನೇ ಬರ್ತಾರೆ. ಹೋದ ಶುಕ್ರವಾರ ಕೇಳಿದ್ರು. 'ಈಗ್ಲೂ ಕೈ ಎತ್ತಿದ್ರೆ ನಿಲ್ಲಿಸ್ತಾರಾ' ಅಂತ."

ದಾರ ತಪ್ಪಿತು. "ನೀವೇನಂದ್ರಿ?"

"ಒಂದಿನ ಮುದುಕಿ ಒಬ್ಳು ಸೊಳ್ಳೆ ಓಡ್ಸಕ್ಕೆ ಕೈ ಎತ್ತಿದ್ಳು, ಅದಕ್ಕೂ ನಿಲ್ಲಿಸ್ಬುಟ್ರು ಅಂದೆ."

1967 ಜನವರಿ 19, ಗುರುವಾರ. ಪಾವಗಡ. ಸಂಜೆ 5, ಬಸ್ಸಿನಲ್ಲಿ.

ಬಂದಳು.

ಮಧ್ಯಾಹ್ನ ಮೂರು ಗಂಟೆ. ಮುದುಕರೊಬ್ಬರ ಹಲ್ಲು ಕಿತ್ತು ಕೈ ತೊಳೆಯುತ್ತಿದ್ದೆ. ತಿರುಗಿದರೆ ಕುರ್ಚಿಯಲ್ಲಿ ಕೂತಿದ್ದಾಳೆ. ಕಿವಿಯ ಹತ್ತಿರ ಕೂದಲು ನರೆತಿದೆ. ಸಾಬರ ಹಲಗೆಯಿಂದ ಸೂಜಿ ತೆಗೆದಳು. ಒಂದೇ ಸಲಕ್ಕೆ ಪೋಣಿಸಿ ವಾಪಸು ಚುಚ್ಚಿದಳು.

"ಮೇಲ್ಗಡೆ ಹಲ್ಲು ಕಿತ್ರೂ ಕಣ್ಣು ಹೋಗಿಲ್ಲ" ಎಂದಳು.

ಮೇಣವನ್ನು ಬಿಸಿನೀರಿಗೆ ಹಾಕಿದೆ. "ಮೇಣ ಮೂರು ನಿಮಿಷ ಬಾಯಲ್ಲಿರಬೇಕು. ಕೈ ಎತ್ತಿದರೆ ತೆಗೆಯುತ್ತೇನೆ" ಎಂದಷ್ಟೇ ಹೇಳಿದೆ.

ಅರ್ಧ ನಿಮಿಷಕ್ಕೆ ಎತ್ತಿದಳು. ತೆಗೆದೆ. ಅಚ್ಚು ಕೆಟ್ಟಿತು. ಮೇಣವನ್ನು ಮತ್ತೆ ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿದೆ. ಒಂದು ನಿಮಿಷಕ್ಕೆ ಎತ್ತಿದಳು. ತೆಗೆದೆ. ಮೂರನೆಯ ಸಲ, ನಾಲ್ಕನೆಯ ಸಲ. ನೋವಿಗಲ್ಲ, ಮೇಣ ನೋಯಿಸುವುದಿಲ್ಲ. ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ನನ್ನ ಎಡಗೈಯನ್ನು. ನಾನು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಇವತ್ತಿಗೆ ಸಾಕು" ಎಂದು ಎದ್ದಳು. ಸಾಕೇ? ನನಗೆ ಹಬ್ಬವಾಗಿತ್ತು.

1967 ಫೆಬ್ರವರಿ 2, ಗುರುವಾರ. ಪಾವಗಡ.

ಹೋದ ವಾರ ಬರಲಿಲ್ಲ. ಇವತ್ತು ಬಂದಳು.

ಮೇಣ ಇಟ್ಟೆ. ಅವಳ ಬಲಗೈ ಕುರ್ಚಿಯ ತೋಳಿನ ಮೇಲಿತ್ತು. ಬಾಯಿ ನೋಡಲಿಲ್ಲ, ಆ ಕೈ ನೋಡುತ್ತಾ ನಿಂತೆ. ಬೆರಳು ಒಮ್ಮೆ ಅಲುಗಿತು. ಮೇಣದ ತಟ್ಟೆಯ ಹಿಡಿಗೆ ಕೈ ಹಾಕಿದೆ, ತೆಗೆಯಲು. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂದು. ಮೂರು ನಿಮಿಷ. ಒಳಗೆ ಸಾಬರು ಮಿಷನ್ನು ತುಳಿಯುವುದನ್ನೂ ನಿಲ್ಲಿಸಿದ್ದರು. ಅಚ್ಚು ಚೊಕ್ಕವಾಗಿ ಬಂತು.

ಸೆರಗಿನ ಗಂಟು ಬಿಚ್ಚಿದಳು. ಎರಡನೆಯ ಹಲ್ಲು. ನನ್ನ ಅಂಗೈಯಲ್ಲಿಟ್ಟಳು.

"ತಪ್ಪು ಮಾಡಿದೆ ಸರೋಜ. ಕಾಣ್ತಿತ್ತು. ಕಂಡೂ ಒತ್ತಿದೆ."

"ಇದನ್ನ ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ? ಬರೀ ಹಲ್ಲು ಕಳಿಸ್ತಿದ್ರಿ. ಡಬ್ಬಿ ತೆಗೆದಾಗೆಲ್ಲ ತಳದಾಗೆ ಚೀಟಿ ಐತಾ ಅಂತ ನೋಡ್ತಿದ್ದೆ."

ನಾನು ಹರಿದ ಮೂರು ಕಾಗದ ನೆನಪಾಯಿತು. ಎಂಥ ದಡ್ಡ.

1967 ಫೆಬ್ರವರಿ 16, ಗುರುವಾರ. ಪಾವಗಡ.

ಪ್ಲೇಟು ಹಾಕಿದೆ. ಸರಿಯಾಗಿ ಕೂತಿತು. ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿಕೊಂಡಳು. ಬೆರಳಿನಿಂದ ಗೆರೆ ಮುಟ್ಟಿದಳು.

"ಯಾರವು?" ಎಂದು ನಾನೇ ಕೇಳಿದೆ.

"ನನ್ನವು."

ನಕ್ಕಳು. ಸೆರಗು ಎತ್ತಲಿಲ್ಲ. ಆದರೆ ನಕ್ಕದ್ದು ಕನ್ನಡಿಗೆ, ನನಗಲ್ಲ. ಕನ್ನಡಿ ಕೆಳಗಿಟ್ಟು ಹೋದಳು.

ಕೆಲಸ ಮುಗಿಯಿತು. ಆರು ವರ್ಷದಿಂದ ಈ ಪ್ಲೇಟು ಮುಗಿಯಲೆಂದು ಕಾದೆ. ಈಗ ಅವಳು ಗುರುವಾರ ಬರಲು ಯಾವ ಕಾರಣವೂ ಇಲ್ಲ. ವಾಪಸು ಬಸ್ಸಿನಲ್ಲಿ ಮಿಡಿಗೇಶಿ ದಾಟುವವರೆಗೂ ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದೆ. ಅತ್ತುಬಿಟ್ಟೆ. ಕಂಡಕ್ಟರು ಟಿಕೆಟು ಕೇಳಲಿಲ್ಲ.

1967 ಫೆಬ್ರವರಿ 23, ಗುರುವಾರ. ಪಾವಗಡ.

ಮೂರು ಗಂಟೆಗೆ ಬಂದು ಕೂತಳು. "ಚುಚ್ಚುತ್ತೆ."

"ಎಲ್ಲಿ?"

"ಅಲ್ಲೇ ಎಲ್ಲೋ."

ಕನ್ನಡಿ ಹಾಕಿ ನೋಡಿದೆ. ವಸಡಿನ ಮೇಲೆ ಒಂದು ಗುರುತಿಲ್ಲ. ಚುಚ್ಚುವುದು ಸಾಧ್ಯವಿಲ್ಲ. ಪೇಷಂಟಿಗೆ ಸುಳ್ಳು ಹೇಳದವನು ನಾನು, ಪ್ಲೇಟು ತೆಗೆದು ಅರದಿಂದ ಗಾಳಿಯಲ್ಲೇ ಉಜ್ಜಿ ಕೊಟ್ಟೆ.

"ಈಗ?"

"ಇನ್ನೂ ಒಂಚೂರು. ಮುಂದಿನ ವಾರ ಬರ್ತೀನಿ."

ಅವಳು ಹೋದ ಮೇಲೆ ಕೊರಟಗೆರೆಯ ಆ ಬಸವಲಿಂಗಯ್ಯ ಮೇಷ್ಟರು ನೆನಪಾದರು. ನೋವಿಲ್ಲದೆ ಕುರ್ಚಿ ಹತ್ತಿದವರು.

1967 ಮಾರ್ಚ್ 2, ಗುರುವಾರ. ಪಾವಗಡ.

ಇನ್ನೂ ಚುಚ್ಚುತ್ತದಂತೆ. ಇವತ್ತು ಪ್ಲೇಟು ತೆಗೆಯಲೂ ಇಲ್ಲ.

"ಅತ್ತೆಯವರ ರೂಮಲ್ಲಿ ಈಗ ಯಾರವ್ರೆ?" ಎಂದಳು.

"ಯಾರೂ ಇಲ್ಲ. ಬೀಗ."

"ಬೆಳಕು ಚೆನ್ನಾಗಿ ಬರ್ತಿತ್ತು, ಆ ರೂಮಿಗೆ."

ಬಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ನಾಲ್ಕು ದಿನ ಹೇಳಿ ಹೇಳಿ ಒಪ್ಪಿಸಿದವನು ನಾನು. ಮತ್ತೆ ಒಪ್ಪಿಸುವುದಿಲ್ಲ. "ಹೌದು, ಬರುತ್ತೆ" ಎಂದೆ. ಎದ್ದು ಹೋದಳು. ಮುಂದಿನ ವಾರ ಎನ್ನಲಿಲ್ಲ.

ಸಾಬರು ಒಳಗಿಂದಲೇ, "ಡಾಕ್ಟರ್ ಸಾಬ್, ನಿಮ್ಗೆ ಹಲ್ಲು ಬಿಟ್ಟು ಏನೂ ಗೊತ್ತಾಗಲ್ಲ" ಎಂದರು.

1967 ಮಾರ್ಚ್ 9, ಗುರುವಾರ. ಪಾವಗಡ. ಸಂಜೆ 5. ಸಾಬರ ಅಂಗಡಿಯ ಕಟ್ಟೆ.

ಮೂರು ಗಂಟೆಯಾಯಿತು, ನಾಲ್ಕಾಯಿತು. ಬರಲಿಲ್ಲ. ಕುರ್ಚಿ ಮಡಿಸಿದೆ. ಪೆಟ್ಟಿಗೆ ಬಸ್ಸಿನ ಮೇಲೆ ಹಾಕಿಸಿದೆ. ಇಂಜಿನ್ ಶುರುವಾಗಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಸುಮ್ಮನೆ ಹಿಂದೆ ನೋಡಿದೆ.

ಬೀದಿ ತಿರುವಿನಲ್ಲಿ ಸರೋಜ. ಏದುಸಿರು ಬಿಡುತ್ತಿದ್ದಳು. ಕೂಗಲಿಲ್ಲ. ಬಲಗೈ ಎತ್ತಿದಳು.

ಕಾಲು ಇಳಿಸಿದೆ.

"ಹತ್ತಿ ಡಾಕ್ಟ್ರೇ, ಟೈಮಾಯ್ತು" ಎಂದ ಕಂಡಕ್ಟರು. ಪೆಟ್ಟಿಗೆ ಇಳಿಸಪ್ಪ ಎಂದೆ. ಬೈದುಕೊಂಡೇ ಇಳಿಸಿದ. ಬಸ್ಸು ಹೋಯಿತು. ನಾಳೆ ಬೆಳಿಗ್ಗೆಯವರೆಗೆ ಬೇರೆ ಬಸ್ಸಿಲ್ಲ.

ಖಾಜಾಬಿಯ ಹತ್ತಿರ ನೀರು ಕುಡಿಯಲು ಒಳಗೆ ಹೋಗಿದ್ದಾಳೆ. ಹೊರಗೆ ಬಂದು ಏನನ್ನುತ್ತಾಳೋ ಗೊತ್ತಿಲ್ಲ. ಚುಚ್ಚುತ್ತೆ ಎನ್ನಬಹುದು. ಆ ರೂಮಿನ ಬೀಗದ ಕೈ ಕೇಳಬಹುದು. ಇನ್ನು ಬರಬೇಡಿ ಎಂದರೂ ಅನ್ನಬಹುದು. ಏನಂದರೂ ಸರಿ. ಎತ್ತಿದಳು, ನಿಲ್ಲಿಸಿದೆ.

ಬರುತ್ತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಕಟ್ಟೆಯ ಮೇಲೆ ಕೂತು ಬರೆಯುತ್ತಿರುವ ನನ್ನನ್ನು ನೋಡಿ, ಬಾಯಿಗೆ ಏನೂ ಅಡ್ಡ ಹಿಡಿಯದೆ ನಗುತ್ತಿದ್ದಾಳೆ.